ತಳ ಹತ್ತುವ ಮುನ್ನ

ಭಾನುವಾರ. ಯೂನಿಟ್ಟಿಗೆ ರಜೆ.
ಕೌಲ್‌ಬಜಾರಿನ ತಳ್ಳುಗಾಡಿಯಿಂದ
ಎರಡು ಕೇಜಿ ಆರಿಸಿ ತಂದೆ.
ತುದಿ ಕವಲೊಡೆದದ್ದು ಬೇಡ, ಹೆಗಲು ಹಸಿರಾದದ್ದು ಬೇಡ,
ಮುರಿದರೆ ಟಕ್ಕೆನ್ನಬೇಕು.
ಹೊನ್ನೂರಬಿ ಹೇಳಿಕೊಟ್ಟದ್ದು.

ನಾನು ಕ್ಯಾರೆಟ್ಟು ಅಂತೀನಿ.
ಮಾನ್ವಿ ಕಡೆಯ ನಮ್ಮತ್ತೆ ಗಜ್ಜರಿ ಅಂತಿದ್ದಳು.
ಹೊನ್ನೂರಬಿಗೆ ಅದು ಗಾಜರ್.
ತೊಳೆಯುವಾಗ ನೋಡಿದರೆ
ಮೂರು ಹೆಸರಿಗೂ ಒಂದೇ ಕೆಸರು.

ತುರಿಯುವ ಮಣೆಯ ಮೇಲೆ ನನ್ನ ಕೈ
ಹನ್ನೊಂದು ವರ್ಷ ಜೀನ್ಸಿಗೆ ಗುಂಡಿ ಹೊಡೆದ ಕೈ.
ಉಗುರಿನ ಸಂದಿಗಿಳಿದ ನೀಲಿ
ನಿಂಬೆಗೆ ಹೋಗಲಿಲ್ಲ, ಸೀಮೆಎಣ್ಣೆಗೆ ಹೋಗಲಿಲ್ಲ,
ತಂಗಿಯ ಮದುವೆಯಲ್ಲಿ ಗೋರಂಟಿ ಹಚ್ಚಿದರೂ
ಎಲ್ಲರಿಗೂ ಅದೇ ಮೊದಲು ಕಂಡಿತು.
ಈಗ ಆ ನೀಲಿಯ ಕೆಳಗೆ ಕೆಂಪು ಉದುರುತ್ತಿದೆ
ಒದ್ದೊದ್ದೆ, ತಣ್ಣಗೆ.
ಕೊನೆಯ ತುಂಡಿಗೆ ಹೆಬ್ಬೆರಳು ತರಚಿತು.
ಬಾಯಿಗಿಟ್ಟು ಚೀಪಿದೆ. ಸಿಹಿಯೇ ಇತ್ತು.

ನಮ್ಮಿಬ್ಬರ ಮನೆಗೂ ಗೋಡೆ ಒಂದೇ, ಒಂದಿಟ್ಟಿಗೆ ದಪ್ಪ.
ಆ ಕಡೆ ಅವಳ ಮಂಚ, ಈ ಕಡೆ ನನ್ನ ಒಲೆ.
ನಾನು ಬಾಡಿಗೆಗೆ ಬರುವ ಹೊತ್ತಿಗಾಗಲೇ
ಅವಳ ಎರಡೂ ಕಣ್ಣಿಗೆ ಪೊರೆ.
ಅಡುಗೆ ನೋಡುವುದಿಲ್ಲ ಅವಳು, ಕೇಳುತ್ತಾಳೆ.
ಅಳತೆ ಎಷ್ಟಮ್ಮಾ ಅಂದರೆ ನಗುತ್ತಾಳೆ:
"ಹಾಲು ಮಾತಾಡ್ತದೆ ಸುಂಕಮ್ಮಾ, ಸುಮ್ನೆ ಕೇಳು.
ಮೊದ್ಲು ಗಲಗಲ ಅಂತದೆ, ಸಂತೆ ಥರ.
ಆಮೇಲೆ ಪಿಸುಪಿಸು.
ಸಕ್ರಿ ಬಿದ್ದ ಕೂಡ್ಲೆ ಮತ್ತೆ ನೀರು ಬಿಡ್ತದೆ, ಅಂಜಬ್ಯಾಡ.
ಪಿಸುಮಾತೂ ನಿಂತಾಗ ಮಾತ್ರ ಕೈ ಬಿಡಬ್ಯಾಡ,
ತಳ ಹತ್ತೋದು ಆವಾಗ್ಲೇ."

ಎಷ್ಟೋ ಸಂಜೆ ಮಂಚದಿಂದಲೇ ಕೂಗಿದ್ದಾಳೆ:
"ಉರಿ ಸಣ್ಣ ಮಾಡು!"
"ಏ, ಫೋನ್ ಇಡೇ, ಸೌಟು ನಿಂತೈತೆ!"

ಇವತ್ತು ಗೋಡೆ ಸುಮ್ಮನಿದೆ.
ಗುರುವಾರ ದೊಡ್ಡಾಸ್ಪತ್ರೆಗೆ ಕರೆದೊಯ್ದರು.
ಮೊಮ್ಮಗ ಮೌಲಾಲಿ ಹೇಳಿಹೋದ,
ಮಧ್ಯಾಹ್ನ ಬರ್ತಾಳೆ ಅಕ್ಕಾ.

ತುಪ್ಪಕ್ಕೆ ತುರಿ ಸುರಿದು ಹಸಿವಾಸನೆ ಹೋಗುವ ತನಕ ಹುರಿದೆ.
ಮೂರು ಪಾಕೀಟು ಹಾಲು.
ಕುಕ್ಕರು ಬೇಡ ಅಂದಿದ್ದಳು,
ಸೀಟಿ ಹೊಡೆಯುವವರನ್ನು ನಂಬಬಾರದಂತೆ.
ಗಲಗಲ.
ಕೋಟೆಗುಡ್ಡದ ಬಂಡೆ ಕಾದು
ಕಿಟಕಿಗೆ ಬಿಸಿ ಊದುತ್ತಿತ್ತು, ಮಾಘದಲ್ಲೂ.
ಪಿಸುಪಿಸು.
ಸಕ್ಕರೆ. ನೀರು ಬಿಟ್ಟಿತು. ಅಂಜಲಿಲ್ಲ.
ತೋಳು ಸೋತಿತು, ಸೌಟಿನ ಕೈ ಬದಲಿಸಿದೆ,
ಯೂನಿಟ್ಟಿನಲ್ಲಿ ಪೆಡಲಿಗೆ ಕಾಲು ಬದಲಿಸುವ ಹಾಗೆ.
ಕೆಂಪು ಗಟ್ಟಿಯಾಗುತ್ತಾ ಬಾಣಲೆಯ ಅಂಚು ಬಿಟ್ಟಿತು.
ಸದ್ದು ನಿಂತಿತು.

ಹೊರಗೆ ಆಟೋ.
ಕೈ ಬಿಟ್ಟೆ.

ಬಾಗಿಲಲ್ಲಿ ಕರಿ ಕನ್ನಡಕ.
"ತಳ ಹತ್ತೈತೆ" ಅಂದಳು, ಅದೇ ಮೊದಲ ಮಾತು.
ಓಡಿಹೋಗಿ ಕೆದಕಿದೆ. ಹೌದು, ರೂಪಾಯಿಯಗಲ.

ಶುಗರ್ ಇದೆ ಅವಳಿಗೆ, ಎರಡೇ ಚಮಚ ಹಾಕಿ ಬಟ್ಟಲು ನೀಡಿದೆ.
ಬಟ್ಟಲು ನೋಡಲಿಲ್ಲ ಅವಳು.
ಡಾಕ್ಟರು ತೆಗೀಬೇಡ ಅಂದ ಕನ್ನಡಕವನ್ನು
ಹಣೆಗೇರಿಸಿ
ನನ್ನ ಬೆರಳು ಹಿಡಿದು ಬೆಳಕಿಗೆ ತಿರುಗಿಸಿದಳು.
"ಬಾಗಿಲ ಸಂದಿಗೆ ಸಿಕ್ಕಿತ್ತೇನೇ?"
ಇಲ್ಲಮ್ಮ, ಬಣ್ಣ.
"ಎಂದಿನದು?"
ತೊಳೀತೀನಿ ಬಿಡು, ಅಂದೆ.
ಅವಳು ಬಿಡಲಿಲ್ಲ. ಹತ್ತೂ ಬೆರಳು ಒಂದೊಂದಾಗಿ,
ತಸಬಿ ಎಣಿಸುವಂತೆ.
ಆಮೇಲೆ ಮುಖ ನೋಡಿದಳು.
"ನಿನ್ ದನಿಗೆ ನೀನು ಇನ್ನೂ ದಪ್ಪ ಇರ್ತೀ ಅನ್ಕಂಡಿದ್ದೆ."

ತಿಂದಳು. ಏಲಕ್ಕಿ ಹೆಚ್ಚಾಯ್ತು ಅಂದಳು.
ಬಾಣಲೆಯ ಸೀಕಿಗೆ ಮೌಲಾಲಿ
ಚಮಚ ಹಿಡಿದು ಕೂತಿದ್ದ.
"ಏ, ಅದು ನಂದು. ಕರಕಲಿಗೆ ಶುಗರ್ ಇರಲ್ಲ,
ಕೊಡಿಲ್ಲಿ."