ಹಿಂದೆ ಬರುವ ದೋಣಿ

ಮಲ್ಪೆಯಲ್ಲಿ ಕೊಕ್ಕೆಗೆ ಸಿಕ್ಕಿಸುವಾಗ
ಹಾಲಿನ ಕೆನೆ ಬಣ್ಣ ಅದಕ್ಕೆ.
ಹಾಸನ ದಾಟುವಷ್ಟರಲ್ಲಿ ಹಳೇ ಮಜ್ಜಿಗೆ.
ತಿಪಟೂರಿನಲ್ಲಿ ಟೀಗೆಂದು ಇಳಿದು ನೋಡಿದರೆ
ಮೂತಿಯೆಲ್ಲ ಸೌದೆ ಒಲೆಯ ಮೇಲಿಂದ
ಆಗಷ್ಟೇ ಇಳಿಸಿದ ಪಾತ್ರೆ.

ಗಾಡಿ ನನ್ನದೇ. ಫೋರ್ ನಾಟ್ ಸೆವೆನ್, ಹತ್ತೊಂಬತ್ತು ವರ್ಷದ್ದು.
ಏರಿನಲ್ಲಿ ಕೆಮ್ಮುತ್ತದೆ,
ಗೇರು ಬದಲಿಸಿದಾಗ ಉಗುಳುತ್ತದೆ.
ಸಿಮೆಂಟು ಹೊತ್ತಿದೆ, ಕೋಳಿ ಹೊತ್ತಿದೆ,
ಯಾರದೋ ಮದುವೆಯ ಮಂಚ ಬೀರು ಹೊತ್ತಿದೆ.
ಹೊಗೆ ಯಾರ ಮುಖಕ್ಕೆ ಹೋಯಿತೆಂದು
ನಾನು ತಿರುಗಿ ನೋಡಿದವನಲ್ಲ.
ಹಿಂದಿನವರು ಹಾರನ್ನು ಬಾರಿಸಿ,
ನನ್ನ ತಾಯಿಯನ್ನು ನೆನೆದು
ಮುಂದೆ ಹೋಗುತ್ತಿದ್ದರು.

ದೋಣಿ ಬೈಯುವುದಿಲ್ಲ. ಮುಂದೆ ಹೋಗುವುದೂ ಇಲ್ಲ.
ಎಂಟಡಿ ಕಬ್ಬಿಣದ ತುದಿಯಲ್ಲಿ
ಮುನ್ನೂರು ಕಿಲೋಮೀಟರು
ನಾನು ಬಿಟ್ಟ ಉಸಿರನ್ನೇ ಕುಡಿದುಕೊಂಡು ಬಂತು.

ಟೀ ಅಂಗಡಿಯವನು ಒಂದು ಹಿಡಿ ತೆಂಗಿನ ನಾರು ಕೊಟ್ಟ.
ತಿಕ್ಕಿದೆ. ಗೀರು ಬಿತ್ತು.
ಗೀರಿನೊಳಗೆ ಮಸಿ ಹೋಗಿ ಕೂತಿತು,
ಬಾಡಿಗೆ ಮನೆ ಸಿಕ್ಕವರ ಹಾಗೆ.

ಟಾರ್ಪಾಲು ಹೊದಿಸಿದೆ.
ಹುಳಿಯಾರಿನವರೆಗೂ ಪಟಪಟ ಪಟಪಟ.
ಬಿಚ್ಚಿದರೆ, ಟಾರ್ಪಾಲೇ ಕೈಯಾಗಿ ಉಜ್ಜಿತ್ತು.
ನೀರನ್ನೇ ಕಾಣದ ದೋಣಿಯ ಮೈಮೇಲೆ
ಸಾಲುಸಾಲು ಕಪ್ಪು ಅಲೆ.

ಪಾತಲಿಂಗಮ್ಮನ ಫೋನು. 'ಎಲ್ಲಿದ್ದೀಯಪ್ಪ?'
ಹನ್ನೊಂದು ಹೆಂಗಸರು,
ತಲೆಗೆ ಒಂಬತ್ತು ಸಾವಿರ ಹಾಕಿ ತರಿಸುವ ದೋಣಿ.
'ರೋಡು ಚೆನ್ನಾಗೈತಮ್ಮ' ಅಂದೆ.
ಕೇಳಿದ್ದು ಅದನ್ನಲ್ಲ.

ಬುಕ್ಕಾಪಟ್ಟಣದಲ್ಲಿ ವೆಲ್ಡಿಂಗ್ ಬಾಬಾಜಾನ್
ದೋಣಿಯ ಕಡೆ ನೋಡಲೂ ಇಲ್ಲ.
ಕುಕ್ಕರುಗಾಲಲ್ಲಿ ಕೂತು
ಸೈಲೆನ್ಸರಿನ ಬಾಯೊಳಗೆ ಬೆರಳಿಟ್ಟ,
ಅಜ್ಜಿಯರು ಕೂಸಿನ ಬಾಯಿಗೆ ಇಡುವಂತೆ.
'ಹುಣ್ಣು ಇಲ್ಲೈತೆ,
ನೀನು ಅಲ್ಲಿ ಮುಲಾಮು ಹಚ್ತಿದ್ದೀಯ.'
ಏರ್ ಫಿಲ್ಟರ್ ಕಳಚಿ ಕಲ್ಲಿಗೆ ಬಡಿದ.
ನಾಲ್ಕು ಜಿಲ್ಲೆಯ ಧೂಳು ಬಿತ್ತು.
'ಉಸಿರು ಕಟ್ಟಿದೋನು
ಕಪ್ಪಗೆ ಕಾರದೆ ಇನ್ನೇನ್ ಮಾಡ್ತಾನೆ?'
ಕೆಟ್ಟ ಬೋರ್‌ವೆಲ್ಲಿನ ಪೈಪು ಕತ್ತರಿಸಿ, ಬಗ್ಗಿಸಿ,
ಕ್ಯಾಬಿನ್ನಿನ ಬೆನ್ನಿಗೆ ನೆಟ್ಟಗೆ ನಿಲ್ಲಿಸಿದ.
ಆರುನೂರೈವತ್ತು. ಐವತ್ತು ಬಿಟ್ಟ.

ಆಮೇಲೆ ದಾರಿಯುದ್ದಕ್ಕೂ ಕನ್ನಡಿಯನ್ನೇ ನೋಡಿದೆ.
ದೋಣಿಯ ತಲೆಯ ಮೇಲಿಂದ
ತೆಳ್ಳಗೆ ಬೂದಿಬಣ್ಣದ ಒಂದು ಎಳೆ ಹಾಯುತ್ತಿತ್ತು.
ಕುರಿ ಹೊಡೆದುಕೊಂಡು ಹೋಗುವ ಹುಡುಗ
ಟವೆಲ್ಲನ್ನು ಮೂಗಿಗೆ ಹಿಡಿದ.
ದೋಣಿಗೆ ತಪ್ಪಿತು ಅಷ್ಟೆ.

ಸಂಜೆ ಕೆರೆ ಏರಿಯ ಮೇಲೆ ಅವರೆಲ್ಲ ನಿಂತಿದ್ದರು.
ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.
ನಾನು ನೀರಿನ ಕಡೆಗೆ ರಿವರ್ಸ್ ಹಾಕಿದೆ.
'ಏಯ್, ಕೆರೆಗೆ ಇಳಿಸಿ ತೊಳೀಬ್ಯಾಡ.
ಎಣ್ಣೆಮಸಿ ಅದು.
ನಾಳೆ ಅದರಲ್ಲೇ ಮೀನು ಉಸಿರಾಡಬೇಕು.'
ಜಾಲಿ ಮರದ ಬುಡದಲ್ಲಿ ನಿಲ್ಲಿಸಿ
ಮೊದಲು ಕಡಲೆ ಹಿಟ್ಟು ಉದುರಿಸಿದರು,
ಎಣ್ಣೆಯನ್ನು ಹಿಟ್ಟು ಕುಡಿಯಲಿ ಎಂದು
ಎಲೆಯಡಿಕೆ ಹಾಕಿಕೊಂಡು ಸುಮ್ಮನೆ ಕೂತರು.
ಆಮೇಲೆ ಅಂಟುವಾಳದ ನೊರೆ.
ಉಜ್ಜಲಿಲ್ಲ, ಕೂಸಿಗೆ ಎರೆದಂತೆ ಎರೆದರು.
ಬಿಂದಿಗೆ ಬಿಂದಿಗೆ ನೀರನ್ನು ಏರಿಯ ಮೇಲೆ ಹೊತ್ತು
ನಾನೂ ಒಂದಿಪ್ಪತ್ತು ಸಲ ಹತ್ತಿದೆ, ಇಳಿದೆ.

ತಿಪಟೂರಿನ ಗೀರು ಮಾತ್ರ ಹೋಗಲಿಲ್ಲ.
ಮೂತಿಯ ಹತ್ತಿರ ಬೆರಳಷ್ಟು ಕಪ್ಪು ಉಳಿದಿತ್ತು.
'ದೃಷ್ಟಿಗೆ ಇರ್ಲಿ ಬಿಡ್ರಮ್ಮ' ಅಂದೆ, ನಗಿಸಲು.
ಪಾತಲಿಂಗಮ್ಮ ನಗಲಿಲ್ಲ.
'ದೃಷ್ಟಿಗೆ ದೀಪದ ಮಸಿ ಆಗ್ಬೇಕು ಕಣಪ್ಪ.
ಇದು ದಾರೀದು.'
ಸೆರಗಿನ ತುದಿಗೆ ಎಂಜಲು ಹಚ್ಚಿ
ಅದನ್ನೂ ಒರೆಸಿದಳು.

ಬೆಳಿಗ್ಗೆ ಖಾಲಿ ಟ್ರೈಲರು ಎಳೆದುಕೊಂಡು ಹೊರಟೆ.
ಹಿಂದೆ ಏನೂ ಇಲ್ಲ, ಗಡಗಡ ಸದ್ದು ಬಿಟ್ಟರೆ.
ಆದರೂ ಕಣ್ಣು ಕನ್ನಡಿಗೇ ಹೋಗುತ್ತದೆ.
ಒಂದು ಬೈಕು, ಗಂಡ ಹೆಂಡತಿ, ನಡುವೆ ಮಗು.
ಎಡಕ್ಕೆ ತೆಗೆದುಕೊಂಡೆ.
ಬೈಯದೆ ಹೋದರು.