ಹಸಿ ಗ್ವಾಡಿ

ನಾಗಾವಿಯೊಳಗ ಮನಿ ತಗೊಂಡೇವಿ ಅಂದಾಗ
ಬೆಟಗೇರಿಯ ನಮ್ಮ ಓಣಿ ನಕ್ಕಿತು:
ಮೇಲ್ಮುದ್ದಿ ಮನಿನ? ಈ ಕಾಲದಾಗ?
ಎತ್ತಿದ ಚೀಟಿ, ನನ್ನ ಎರಡು ಬಿಲ್ವಾರ,
ಇವರ ಪಿಎಫ್‌ನ್ಯಾಗಿಂದ ಒಂದಿಷ್ಟು.
ಅಷ್ಟಕ್ಕ ಬಂದದ್ದು ಹನ್ನೊಂದು ಕಂಬ.
ಹನ್ನೆರಡನೇದು ಗೆದ್ದಲದ್ದು.

ಕೀಲಿ ತಗದ ದಿನ
ಒಳಗ ಕತ್ತಲಿ ಕುಂತಿತ್ತು, ನಮ್ಮನ್ನ ನೋಡಿ ಏಳಲಿಲ್ಲ.
ಬೆಳಕಿಂಡಿ ಮ್ಯಾಲ ಯಾರೋ ಫರಸಿ ಮುಚ್ಚಿದ್ರು.
ದಾವಲಸಾಬ ಗೌಂಡಿ ಮಾಳಿಗಿ ಏರಿ ಅದನ್ನ ಸರಿಸಿದ.
ನಡುಮನಿಯೊಳಗ ಬಿಸಲಿನ ಗಡಿಗಿ ಒಂದು ಬಿತ್ತು,
ಒಡೀಲಿಲ್ಲ.
ಭುವನಾ ಅದರಾಗ ಕೈ ಹಾಕಿ, ತಗದು, ಮತ್ತ ಹಾಕಿ,
ಬಿಸಿ ಐತಿ ಅವ್ವಾ ಅಂದ್ಲು.

ರವಿವಾರ ರವಿವಾರ ಬಸ್ಸು.
ಬುತ್ತಿಯೊಳಗ ರೊಟ್ಟಿ, ಶೇಂಗಾ ಹಿಂಡಿ,
ಅದರ ಮ್ಯಾಲ ಜಂತಿಯಿಂದ ಉದುರಿದ ಧೂಳು.
ಹಳೇ ಮಣ್ಣ ಕೆರದು ಬುಟ್ಟಿಲೆ ಇಳಿಸಿದಿವಿ,
ನೂರಾದ ಮ್ಯಾಲ ನಾ ಎಣಸೋದು ಬಿಟ್ಟೆ.
ಆ ಮಣ್ಣಾಗ ಹಾಲಹಲ್ಲು ಸಿಕ್ಕವು, ಏಳೋ ಎಂಟೋ,
ಯಾವ ಯಾವ ಕಾಲದ ಹುಡುಗರು
ಹೊಸಾದು ಕೊಡು ಅಂತ ಮಾಳಿಗಿಗೆ ಒಗದವು.
ದಾನೇಶ ಕಿಸೇದಾಗ ಹಾಕ್ಕೊಂಡ, ನಾ ಬೈದೆ.
ರಾತ್ರಿ ಅಂಗಿ ಒಗಿಯುವಾಗ ಎರಡು ನನ್ನ ಕೈಗೇ ಬಂದವು.
ಬಚ್ಚಲಕ್ಕ ಬಿಡಾಕ ಮನಸಾಗಲಿಲ್ಲ.
ಹೊಸ ಮುದ್ದಿ ಹಾಕೋ ದಿನ
ಎಲ್ಲಾವನ್ನೂ ಅವ ಸವುಳು ಮಣ್ಣಿನಾಗ ಒತ್ತಿದ,
ಹೆಬ್ಬಟ್ಟಿಲೆ, ಒಂದೊಂದ.

ಗ್ವಾಡಿಗೆ ಇವರು ಸಿಮೆಂಟ್ ಅಂದ್ರು, ಅತ್ತಿ ಮಣ್ಣು ಅಂದ್ರು.
ದಾವಲಸಾಬ ಇಬ್ಬರ ಮಾರಿನೂ ನೋಡಿ
ರೊಕ್ಕ ಎಷ್ಟ ಉಳದೈತ್ರಿ? ಅಂದ.
ಮಣ್ಣು ಗೆದ್ದಿತು.
ಕೆರಿ ಮಣ್ಣು, ಸಗಣಿ, ಯಾರದೋ ಕಣದ ಜ್ವಾಳದ ಹೊಟ್ಟು.
ಅತ್ತಿ ಸೀರಿ ಎತ್ತಿ ಕಟ್ಟಿ ತುಳದ್ರು,
ಬೆಟಗೇರಿಯೊಳಗ ಮೂರು ಮೆಟ್ಟಲಕ್ಕ ಅಳತಿದ್ದ
ಅದೇ ಮೊಣಕಾಲಿಲೆ.

ಐದನೇ ದಿನ ಗ್ವಾಡಿ ಹಸರಾತು.
ಹೊಟ್ಟಿನಾಗ ಉಳದ ಕಾಳು ಮೊಳತು
ಪಡಸಾಲಿ ತುಂಬ ಬೆರಳುದ್ದ ಬೆಳಿ,
ಬಾಗಿಲ ಬೆಳಕಿನ ಕಡೆ ಎಲ್ಲಾ ಕೂಡೆ ಕುತ್ತಿಗಿ ಚಾಚಿ.
ದಾವಲಸಾಬ ಕರಣಿ ಹಿಡಕೊಂಡು ನಾಚಿದ:
ಹೊಟ್ಟು ಹಸನ ಇರಲಿಲ್ಲರೀ, ಕೆರದು ಬಿಡ್ತೇನಿ.
ಇವರು: ಶಾಂತಿ ದಿನ ಮಂದಿ ಏನಂತಾರ?
ಅತ್ತಿ: ಮಗ್ಗದ ಮನಿ ನಮ್ಮದು, ಎಂದರ ಹೊಲ ಇತ್ತೇನು?
ಗ್ವಾಡಿಯರ ಬೆಳೀಲಿ, ಬಿಡು.

ಶಾಂತಿಗೆ ಬಡಿಗ್ಯಾರ ಆಕಳ ತಂದ್ರು.
ಕುಂಕುಮ ಹಚ್ಚಿಸಿಕೊಂಡಿತು, ಬೆಲ್ಲ ತಿಂದಿತು,
ಹೊಸ್ತಲ ಮುಂದ ನಿಂತಿತು. ಬರಲೊಲ್ಲದು.
ಮುಂದ ಎಳದ್ರು, ಹಿಂದ ನೂಕಿದ್ರು.
ಸ್ವಾಮಿಗೋಳು ಮೊಬೈಲಿನಾಗ ಮುಹೂರ್ತ ನೋಡಿದ್ರು,
ಮತ್ತ ನೋಡಿದ್ರು.
ಅಷ್ಟರಾಗ ಅದರ ಕಾಲಸಂದಿಯಿಂದ ತೂರಿ
ಎದುರಮನಿ ಹಸೀನಾಬಿಯ ಆಡು
ಬಲಗಾಲೋ ಎಡಗಾಲೋ ನೋಡದ ಒಳಗ ಬಂತು.
ಸೀದಾ ಪಡಸಾಲಿಗೆ ಹೋಗಿ
ನಮ್ಮ ಮನಿ ತಿನ್ನಾಕ ಸುರು ಮಾಡಿತು.

ಕರಕರ ಸಪ್ಪಳ ಒಂದ.
ಮೊದಲ ನಕ್ಕವರು ಅತ್ತಿ,
ನಕ್ಕು ನಕ್ಕು ಕೆಮ್ಮು ಬಂದು ಕಂಬ ಹಿಡಕೊಂಡ್ರು.
ಹಸೀನಾಬಿ ಕೋಲ ಹಿಡದು ಓಡಿ ಬಂದಾಕಿ
ಬಾಗಲದಾಗ ನಿಂತು, ಸೆರಗಿಲೆ ಬಾಯಿ ಮುಚ್ಚಿಕೊಂಡ್ಲು.
ಆಮ್ಯಾಲ ಆಕಳಾನೂ ಒಳಗ ಬಂತು,
ಪಾಲು ಕೇಳಾಕ.

ಈಗ ಗ್ವಾದಲಿ ಮುಂದ ಎಕ್ಸೆಲ್ ಗಾಡಿ ನಿಲ್ಲತೈತಿ.
ಗ್ವಾಡಿ ಒಣಗೈತಿ. ಆಡಿನ ಬಾಯಿ ಎಟುಕಿದ ಎತ್ತರಕ್ಕ
ಉದ್ದಕ್ಕೂ ಒಂದು ವರಟು ಪಟ್ಟಿ,
ಕೈ ಆಡಿಸಿದರ ಬೆರಳಿಗೆ ಹತ್ತತೈತಿ.
ಸುಣ್ಣ ಹೊಡಿಯುವಾಗ ಇವರು ಅಷ್ಟ ಬಿಟ್ಟು ಹೊಡದ್ರು.

ಸೆಕಿ ಅಂತ ನಿನ್ನೆ ಮಾಳಿಗಿ ಮ್ಯಾಲ ಹಾಸಿಗಿ ಹಾಸಿದಿವಿ.
ಕಪ್ಪತಗುಡ್ಡದ ಗಾಳಿಪಂಕದ ಕೆಂಪು ದೀಪ
ಎಲ್ಲಾ ಒಮ್ಮೆಲೆ ಕಣ್ಣ ಮುಚ್ಚಿ ತಗಿತಿದ್ದವು.
ಭುವನಾನ ಮುಂದಿನ ಹಲ್ಲು ಅಳಗ್ಯಾಡಾಕ ಹತ್ತೇತಿ,
ನಾಲಿಗಿಲೆ ನೂಕತಾ ಕೇಳಿದ್ಲು:
ಮಾಳಿಗಿ ಮ್ಯಾಲನ ಮಲಗಿದ್ರ
ಹಲ್ಲ ಎಲ್ಲಿ ಒಗಿಬೇಕು, ಅವ್ವಾ?