ಚಿಂತಮಾನುಕುಂಟೆಯಲ್ಲಿ ಗಣತಿ

ಸರ್ಜಾಪುರ ರಸ್ತೆ ಬಿಟ್ಟು ಎಡಕ್ಕೆ ಹೊರಳಿದರೆ
ಮೊದಲು ಪಂಚರಿನಂಗಡಿ, ಆಮೇಲೆ ಗಾಜಿನ ಆಸ್ಪತ್ರೆ,
ಅದರ ಬೆನ್ನಿಗೆ ಅಂಟಿಕೊಂಡು ಊರು.
ಚಿಂತಮಾನು ಅಂದರೆ ಅವರ ಮಾತಲ್ಲಿ ಹುಣಿಸೆಮರ.
ಪಾಲಿಕೆಯ ಬೋರ್ಡು ಬರೆದವನು
ಚಿಂತೆಮಾನುಕುಂಟೆ ಮಾಡಿಟ್ಟಿದ್ದಾನೆ.
ಒಂದು ಎತ್ವ ಹೆಚ್ಚಾಗಿ
ಹುಳಿ ಹೋಗಿ ಚಿಂತೆ ಬಂದಿದೆ.

ನಾನು ಗಣತಿಯ ಟೀಚರು. ಚೀಲದಲ್ಲಿ ನಮೂನೆ,
ನೀಲಿ ಪೆನ್ನು, ಮಜ್ಜಿಗೆ ಬಾಟಲಿ.
ಬಾಗಿಲಿಗೆ ಸೀಮೆಸುಣ್ಣದ ನಂಬರು ಹಾಕುತ್ತ
ನಲವತ್ತೊಂದಕ್ಕೆ ಬಂದೆ.
"ದಾ, ಕೂಕೋ" ಎಂದರು ಅಕ್ಕಾಯಮ್ಮ
ಬಿಡಿಸುತ್ತಿದ್ದ ಅವರೆಕಾಯಿ ಪಕ್ಕಕ್ಕೆ ಸರಿಸಿ.

ವಯಸ್ಸು?
"ಕೆರೆ ಕೋಡಿ ಬಿದ್ದ ವರ್ಷ ನಾನು ಲಂಗದ ಹುಡುಗಿ."
ಎಪ್ಪತ್ತೆಂಟು ಎಂದು ಬರೆದೆ.
ಕಸುಬು?
"ನೀರುಗಂಟಿ ಮನೆ ಕಣಮ್ಮಾ ಇದು."
ಕೂತಲ್ಲಿಂದಲೇ ಬೆರಳೆತ್ತಿ ಊರು ತೋರಿಸಿದರು:
"ಆ ಹದಿನಾಲ್ಕಂತಸ್ತು ನಿಂತಿರೋದು ರಾಗಿ ಗದ್ದೆ, ತೂಬಿನ ಮೂರನೇ ಸರದಿ.
ಈಜುಕೊಳ ತೋಡಿದ ಕಡೆ ನಮ್ಮ ಸುಡುಗಾಡು.
ಮಕ್ಕಳು ದುಬುಕ್ಕಂತ ಹಾರ್ತವೆ, ಪಾಪ.
ಕೆಳಗಿರೋರು ಬೇಜಾರು ಮಾಡ್ಕೊಳ್ಳಲ್ಲ ಬಿಡು,
ಮಕ್ಕಳ ಗಲಾಟೆ ಆಗದೋರು ಯಾರೂ ಇಲ್ಲ ಅಲ್ಲಿ,
ನಮ್ಮತ್ತೆ ಒಬ್ಬಳನ್ನ ಬಿಟ್ಟು."

ಯಾವಾಗ ಬಂದಿರಿ ಈ ಕಡೆ?
ಆ ಕಾಲಂ ಇರಲಿಲ್ಲ. ಆದರೂ ಕೇಳಿದೆ.
ಅಜ್ಜಿ ಹೇಳಿದ್ದು: ಪೆನ್ನಾರಿನ ಆಚೆಯಿಂದ,
ಎರಡು ಎತ್ತು, ಒಂದು ಒನಕೆ,
ಕುಡಿಕೆಯಲ್ಲಿ ಹುಣಿಸೆಬೀಜ.
ಮಾವ ಹೇಳಿದ್ದು: ಬಂದದ್ದೇ ಇಲ್ಲ,
ನಾವು ಇಲ್ಲೇ ಇದ್ದೆವು, ಬಂದು ಹೋದವರು ರಾಜರು.
ಮರದ ಬುಡದ ವೀರಗಲ್ಲಿನಲ್ಲಿ ಅಕ್ಷರ ಕನ್ನಡ,
ಸತ್ತವನ ಹೆಸರು ಪೆದ್ದಯ್ಯ.
ಹೆಂಡತಿ ಯಾವ ಭಾಷೆಯಲ್ಲಿ ಅತ್ತಳೋ
ಕಲ್ಲು ಬರೆದಿಟ್ಟಿಲ್ಲ.

ಕಾಲಂ ಹನ್ನೊಂದು: ಮಾತೃಭಾಷೆ.
ಒಂದನ್ನು ಮಾತ್ರ ನಮೂದಿಸತಕ್ಕದ್ದು.
"ಬೈಯೋದು ತೆಲುಗು. ಬಡ್ಡಿ ಲೆಕ್ಕ ತೆಲುಗು.
ಹರಕೆ ಕನ್ನಡ, ನಮ್ಮ ಎಲ್ಲಮ್ಮಂಗೆ ತೆಲುಗು ಬರಲ್ಲ.
ಮೂರನೇ ಕ್ಲಾಸು ಓದಿದ್ದು ಕನ್ನಡ.
ಗಂಡನ ಹತ್ರ... ಎಲ್ಲಿ ಮಾತಾಡಿದ ಅವನು?"
ನನ್ನ ಪೆನ್ನು ಕಾಯುತ್ತಿತ್ತು.
"ಏನೋ ಒಂದು ಬರಿ, ಬಿಸಿಲೇರ್ತಿದೆ ನಿಂಗೆ."

ಅಷ್ಟರಲ್ಲಿ ಒಳಗಿಂದ ಮೊಮ್ಮಗ ಪಿಳ್ಳಪ್ಪ ಬಂದ,
ಜಲಮಂಡಳಿಯ ವಾಲ್ವ್‌ಮ್ಯಾನ್,
ಹೆಗಲ ಮೇಲೆ ಆಳುದ್ದದ ಕಬ್ಬಿಣದ ಕೀಲಿ.
ತಾತ ಗುದ್ದಲಿ ಹೊರುತ್ತಿದ್ದನಂತೆ ಹೀಗೆಯೇ, ಎಡಹೆಗಲಿಗೆ.
ರಸ್ತೆಯ ಮುಚ್ಚಳ ಎತ್ತಿ, ತಿರುವಿ ತಿರುವಿ,
ನೆಲದ ಗಂಟಲಲ್ಲಿ ಗೊರಗೊರ ಏಳುವವರೆಗೆ ನಿಂತು
ಬಾಯಿಗೆ ಕೈಯೊಡ್ಡಿ ಕೂಗಿದ:
"ನೀಳ್ಳೊಚ್ಚೇ!"

ಅಸ್ಸಾಮಿನ ಸೆಕ್ಯುರಿಟಿ, ಬಿಹಾರದ ಪೇಂಟರು,
ಕಲಬುರಗಿಯ ಗಾರೆ ಹೆಂಗಸು, ರಾತ್ರಿ ಪಾಳಿ ಮುಗಿಸಿ
ಅರೆನಿದ್ದೆಯಲ್ಲಿದ್ದ ಮಲಯಾಳಿ ನರ್ಸು,
ಎಲ್ಲರೂ ಬೀದಿಗೆ, ಎಲ್ಲರ ಕೈಯಲ್ಲೂ ಕೊಡ.
ನಿಲ್ಲೊಚ್ಚೆ, ನೀಲೋಚೆ, ನೀಳೊಚ್ಚೋ,
ತಮ್ಮ ತಮ್ಮ ನಾಲಗೆಗೆ ಮುರಿದುಕೊಂಡು
ಮಹಡಿಯಿಂದ ಮಹಡಿಗೆ ದಾಟಿಸಿದರು.

ಖಾಲಿಯಾಗಿದ್ದ ನನ್ನ ಮಜ್ಜಿಗೆ ಬಾಟಲಿ ಕಿತ್ತುಕೊಂಡು
ಅಕ್ಕಾಯಮ್ಮ ಸರದಿಯಲ್ಲಿ ತೂರಿದರು, ಮುದುಕಿಯ ಹಕ್ಕಿನಿಂದ.
ತುಂಬಿದ್ದನ್ನು ಚೀಲಕ್ಕೆ ಹಾಕಿ ಎದ್ದೆ.
ಪಕ್ಕದ ಬಾಗಿಲಿಗೆ ನಲವತ್ತೆರಡು ಬರೆಯಹೋದರೆ
ಸೀಮೆಸುಣ್ಣ ಒದ್ದೆ.